ಎಳೆ ತಪ್ಪಿದ ಸೀರೆ

ದೇವರಿಗೆ ತಪ್ಪು ಮಾಲು ಸಾಗಹಾಕಲು ನಾನೊಮ್ಮೆ ಪ್ರಯತ್ನಪಟ್ಟಿದ್ದೇನೆ. ನಮ್ಮ ರಬಕವಿಯ ನೇಕಾರರನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಕ್ಕಿಲ್ಲ.

ನಾವು ಮುಂಬಯಿ ಸರಕಾರದ ಪ್ರಜೆಗಳಾಗಿದ್ದ ಕಾಲ. ಸುಗ್ಗಿ ಹಬ್ಬಕ್ಕೆ ಒಕ್ಕಲುತನ ಮಾಡುವವರು ಚರ್ಚಿಗೆ ಜೋಳ, ಕುಂಬಳಕಾಯಿ ತಂದರೆ ನಾವು ನೇಯ್ದ ಬಟ್ಟೆ ಒಪ್ಪಿಸುತ್ತಿದ್ದೆವು. ಆ ವರ್ಷ ನನ್ನ ಟ್ರಂಕಿನಲ್ಲಿ ಒಂದೇ ಬಣ್ಣದ ಎರಡು ಸೀರೆಗಳಿದ್ದವು. ಒಂದು ಚೊಕ್ಕ ಸೀರೆ, ಕ್ರಿಸ್‌ಮಸ್ಸಿಗೆ ಉಡಲೆಂದು ಹೆಂಡತಿ ಮಾರ್ಥವ್ವನಿಗೆ ಮಾತು ಕೊಟ್ಟದ್ದು. ಮದುವೆಯಾದಾಗಿನಿಂದ, ನೂಲು ಕೊಟ್ಟು ನೇಯಿಸುವ ಸೌಕಾರರು ಬೇಡವೆಂದು ತಿರುಗಿಸಿದ ಸೀರೆಗಳನ್ನೇ ಉಟ್ಟವಳು ಅವಳು. ಇನ್ನೊಂದರ ನಡುವೆ ಗೇಣುದ್ದ ಎಳೆ ತಪ್ಪಿತ್ತು. ಕೀರ್ತನೆ ಗುನುಗುತ್ತ ಲಾಳಿ ಎಸೆಯುವಾಗ ಆದ ತಪ್ಪು. ಅಂದಮೇಲೆ ಅದರಲ್ಲಿ ದೇವರದೂ ಸ್ವಲ್ಪ ಪಾಲಿದೆ, ಆತನೇ ಇಟ್ಟುಕೊಳ್ಳಲಿ ಎಂದು ನಾನು ನ್ಯಾಯ ತೀರಿಸಿದೆ. ತಪ್ಪು ಒಳಗಡೆ ಅಡಗುವಂತೆ ಮಡಚಿ, ಕಾಗದ ಸುತ್ತಿಟ್ಟೆ.

ಧಾರವಾಡದಿಂದ ಹೊಸದಾಗಿ ಬಂದಿದ್ದ ಪಾದ್ರಿಗಳು ಹಬ್ಬದ ದಿನ ಹಳೆಯ ಇಸ್ರಾಯೇಲರ ಬಲಿಗಳ ಮೇಲೆಯೇ ಬೋಧನೆ ಹಿಡಿದರು. ಕುರಿ ಪೂರ್ಣಾಂಗವಾಗಿರಬೇಕಂತೆ, ಕುಂಟು, ಕುರುಡು, ಕಜ್ಜಿ ನಡೆಯದಂತೆ. ಜಮಖಂಡಿ ಸಂತೆಯಲ್ಲಿ ನಾವು ದನದ ಹಲ್ಲು ನೋಡುವ ಹಾಗೆ ಯಾಜಕರು ತಿರುತಿರುಗಿಸಿ ನೋಡುತ್ತಿದ್ದರಂತೆ. ಬಲಿಯ ಜೊತೆ ದ್ರಾಕ್ಷಾರಸವನ್ನೂ ಹೊಯ್ಯುತ್ತಿದ್ದರೆಂದಾಗ ನನಗೆ ಕೊಂಚ ಧೈರ್ಯ ಬಂತು. ನಮ್ಮಲ್ಲಿ ಆಗ ದಾರೂಬಂದಿ, ಹನಿ ಹೆಂಡಕ್ಕೂ ಸರಕಾರದ ನಿಷೇಧ; ಮೋಶೆಯೇ ಬಂದರೂ ಫೌಜದಾರ ಬಿಡುತ್ತಿರಲಿಲ್ಲ. ಒಂದು ನಿಯಮ ಸಡಿಲಾದ ಮೇಲೆ ಇನ್ನೊಂದೇಕೆ ಆಗಬಾರದು, ನೀವೇ ಹೇಳಿ. ಪಾದ್ರಿಗಳು ಅದಕ್ಕೆ ಆಸ್ಪದ ಕೊಡಲಿಲ್ಲ. ಕ್ರಿಸ್ತನು ಬಂದ ಮೇಲೆ ಕುರಿ ಕೊಯ್ಯುವ ಕೆಲಸ ಮುಗಿಯಿತು, ಈಗ ಸಂತೋಷದಿಂದ ಕೊಡುವುದೇ ನಮ್ಮ ಬಲಿ, ಬೇಡವಾದದ್ದನ್ನು ತಂದಿಡುವವನು ಚರ್ಚನ್ನು ತಿಪ್ಪೆಯೆಂದು ತಿಳಿದಿದ್ದಾನೆ ಎಂದರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಯಾಜಕರಂತೆ ತಾವೂ ಕಾಣಿಕೆಗಳನ್ನು ಬಿಚ್ಚಿ ನೋಡುವುದಾಗಿ ಹೇಳಿ ಕೆಳಗಿಳಿದರು.

ಸಭೆಯಲ್ಲಿದ್ದ ನೇಕಾರರಿಗೆಲ್ಲ ಒಮ್ಮೆಲೇ ಕೆಮ್ಮು ಬಂತು. ಪಕ್ಕದ ಮನೆಯ ಯೋಹಾನಪ್ಪನ ಧೋತರ ಬಿಚ್ಚಿದರೆ ದಡಿಯಲ್ಲಿ ನಾಲ್ಕು ಬೆರಳಿನಷ್ಟು ಬಣ್ಣವೇ ಬದಲಾಗಿತ್ತು. ಮಗ್ಗ ಕಂಡರಿಯದ ಪಾದ್ರಿಗಳು ಅದನ್ನು ಹೊಸ ನಮೂನೆಯೆಂದು ಹೊಗಳಿದರು. ಇನ್ನೊಬ್ಬರ ಟವೆಲಿನ ಸೊಟ್ಟ ಅಂಚಿಗೂ ಸ್ತುತಿಯಾಯಿತು. ನಾವು ನೇಕಾರರು ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಆಮೇಲೆ ನನ್ನ ಸೀರೆ ಬಿಚ್ಚಿದರು. ತಪ್ಪೇ ಇಲ್ಲ! ನನ್ನ ಕಣ್ಣನ್ನು ನಾನೇ ನಂಬದೆ ಎದ್ದು ಹೋಗಿ, ಸೆರಗಿನಿಂದ ಕೊನೆಯವರೆಗೆ ಬಗ್ಗಿ ಹುಡುಕಿದೆ. ಏನು ಕಳೆದಿದೆ ಎಂದು ಪಾದ್ರಿಗಳು ಕೇಳಿದರು. ನಾನು ಸೀರೆ ಮಡಚತೊಡಗಿದೆ. ಆ ಇಡೀ ಚರ್ಚಿನಲ್ಲಿ ಪೂರ್ಣಾಂಗವಾದ ಕಾಣಿಕೆ ತಂದ ನೇಕಾರ ನಾನೊಬ್ಬನೇ. ಅದೂ ನನಗೆ ತಿಳಿಯದೆ. ಪಾದ್ರಿಗಳು ನನ್ನ ಬೆನ್ನು ತಟ್ಟಿದರು. ಹೆಂಗಸರ ಸಾಲಿನಲ್ಲಿ ಮಾರ್ಥವ್ವ ತಲೆ ತಗ್ಗಿಸಿ ಪ್ರಾರ್ಥನೆಯಲ್ಲಿದ್ದಳು.

ಮನೆಗೆ ಬಂದು ಟ್ರಂಕು ತೆಗೆದರೆ ಎಳೆ ತಪ್ಪಿದ ಸೀರೆ ಅಲ್ಲೇ ಇತ್ತು. ನನಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. ನಿನ್ನ ಕ್ರಿಸ್‌ಮಸ್ ಸೀರೆಯನ್ನೇ ಯಾಕೆ ಬದಲಿಸಿ ಕಟ್ಟಿಟ್ಟೆ ಎಂದು ಮಾರ್ಥವ್ವನನ್ನು ಕೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ತಪ್ಪಿದ್ದು ಉಟ್ಟು ನನಗ ರೂಢಿ ಆಗೇತ್ರಿ. ದೇವರಿಗ್ಯಾಕ ರೂಢಿ ಮಾಡಸ್ತೀರಿ?"

ಮರುದಿನ ಬೆಳಿಗ್ಗೆಯೇ ಮಗ್ಗಕ್ಕೆ ಕೂತೆ. ಆ ಸಲ ನೇಯ್ದ ಸೀರೆ ಸೌಕಾರರಿಗೂ ಹೋಗಲಿಲ್ಲ, ಚರ್ಚಿಗೂ ಹೋಗಲಿಲ್ಲ.