ಅಮ್ಮನ ತುಟಿ, ಪಕ್ಕದ ಮನೆಯ ದನಿ

ವಿಶಾಖಪಟ್ಟಣದ ಬ್ಯಾಂಕಿಗೆ ವರ್ಗವಾಗಿ ಬಂದ ಹಾಸನದ ಲೋಕೇಶನಿಗೆ ಕಿರುಚಿತ್ರದ ಹುಚ್ಚು ಹಿಡಿದಿತ್ತು. 2005ರ ಸ್ಪರ್ಧೆಯೊಂದಕ್ಕೆ, ಬಂದರಿನಲ್ಲಿ ಮಗನಿಗಾಗಿ ಕಾಯುವ ತಾಯಿಯ ಪಾತ್ರವನ್ನು ತನ್ನಮ್ಮನಿಂದಲೇ ಮಾಡಿಸಿದ. ಅವಳಿಗೆ ತೆಲುಗು ಬಾರದು. ಮಾತುಗಳನ್ನು ಕನ್ನಡದಲ್ಲೇ ಆಡಿದಳು. ಆಮೇಲೆ ಪಕ್ಕದ ಮನೆಯ ಸತ್ಯವತಿಯವರಿಂದ ತೆಲುಗಿನಲ್ಲಿ ಡಬ್ ಮಾಡಿಸಿ, ಅಮ್ಮನ ದನಿಯಿದ್ದ ಮೂಲ ಕ್ಯಾಸೆಟ್ಟನ್ನು ಅಳಿಸಿ ಅದರ ಮೇಲೆಯೇ ಮುಂದಿನ ಚಿತ್ರ ತೆಗೆದ.

ಬಹುಮಾನ ಬಂತು. “ಎಲ್ಲಾ ಚೆನ್ನಾಗೈತೆ ಕಣಪ್ಪ, ನನ್ನ ದನಿ ಅಷ್ಟು ಕೆಟ್ಟದಾಗಿತ್ತಾ?” ಎಂದಿದ್ದಳು ಅಮ್ಮ. ಅವನು ನಕ್ಕುಬಿಟ್ಟಿದ್ದ.

ಅಮ್ಮನ ವರ್ಷದ ತಿಥಿಗೆ ಊರಿನಿಂದ ಬಂದ ತಂಗಿ, “ಅಣ್ಣ, ಆ ಪಿಚ್ಚರ್ ನಾನಿನ್ನೂ ನೋಡೇ ಇಲ್ಲ, ಹಾಕು. ಅಮ್ಮನ ದನಿ ಒಂದ್ಸಲ ಕೇಳ್ಬೇಕು,” ಎಂದಳು. ಲೋಕೇಶ ಸಿ.ಡಿ. ಹಾಕಿ, ಟೀವಿಯ ಸದ್ದನ್ನು ಪೂರ್ತಿ ಅಡಗಿಸಿದ. ಪರದೆಯಲ್ಲಿ ಅಮ್ಮನ ತುಟಿ ‘ಬಾರೋ ಮಗನೆ’ ಎಂದಿತು.

“ಸೌಂಡ್ ಜಾಸ್ತಿ ಮಾಡಣ್ಣ,” ಎಂದಳು ತಂಗಿ, “ಕೇಳಿಸ್ತಾನೇ ಇಲ್ಲ.”