ಮೇಡಂಗೆ ಹಗುರದ ಲೆನ್ಸು

ಉಳುವ ಕೋಣಗಳ ಹಿಂದೆ ನಡೆಯುವ ಬೆಳ್ಳಕ್ಕಿಗಳು ಏನನ್ನು ಹೆಕ್ಕಿ ತಿನ್ನುತ್ತವೆ ಎಂಬುದು ನನ್ನ ಸಂಶೋಧನೆಯ ವಿಷಯವಾಗಬೇಕಿತ್ತು. ೧೯೬೬ರ ಮಾತು. ಎಂ.ಎಸ್ಸಿ. ಮುಗಿಸಿ ಮಂಗಳೂರಿನ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ಸೇರಿದ್ದೆ. ಕೊಕ್ಕಿನಲ್ಲಿರುವುದು ಕಪ್ಪೆಯೋ ಮಿಡತೆಯೋ ಎಂದು ಗೊತ್ತಾಗುವಂಥ ಚಿತ್ರಗಳನ್ನು ಆ ಮಳೆಗಾಲದ ಉಳುಮೆಯಲ್ಲಿ ತೆಗೆದು ತಂದರೆ ವಿಷಯ ನನಗೆ, ಇಲ್ಲವಾದರೆ ನನ್ನ ಜೊತೆಯಲ್ಲೇ ಸೇರಿದ್ದ ಯುವ ಲೆಕ್ಚರರಿಗೆ ಎಂದು ಮುಖ್ಯಸ್ಥರು ಹೇಳಿದ್ದರು.

ವಿಭಾಗದ ಕ್ಯಾಮೆರಾದಲ್ಲಿ ನನ್ನ ಕೈ ಪಳಗಿತ್ತು. ಅದರ ಲೆನ್ಸಿನಲ್ಲಿ ಹತ್ತಿರದ ವಸ್ತುವಿಗೆ ಫೋಕಸ್ ಮಾಡಲು ಅದರ ಸುತ್ತಲಿನ ಬಳೆಯನ್ನು ಎಡಕ್ಕೆ ತಿರುಗಿಸಬೇಕು. ಬೆರಳುಗಳು ತಾವಾಗಿ ತಿರುಗುತ್ತಿದ್ದವು. ಆದರೆ ದೂರದ ಬೆಳ್ಳಕ್ಕಿಯನ್ನು ಹತ್ತಿರ ತೋರಿಸಲು ಆ ಲೆನ್ಸು ಸಾಲದು, ಅದೇ ಕಂಪನಿಯ ಝೂಮ್ ಲೆನ್ಸಿನ ಬೆಲೆ ನಮ್ಮ ವಿಭಾಗಕ್ಕೆ ಎಟಕುವಂಥದ್ದಲ್ಲ. ಹಂಪನಕಟ್ಟೆಯ ಅಂಗಡಿಯವರು ಬೇರೆ ಕಂಪನಿಗಳ ಎರಡು ಝೂಮ್ ಲೆನ್ಸುಗಳನ್ನು ಮುಂಬಯಿಯಿಂದ ತರಿಸಿ, ಒಂದನ್ನು ಆರಿಸಿಕೊಳ್ಳಿ ಎಂದು ಕಳಿಸಿದರು.

ಒಂದು ಹಗುರ. ಒಂದೇ ಬಳೆ, ಹಿಂದಕ್ಕೆ ಎಳೆದರೆ ಹಕ್ಕಿ ದೊಡ್ಡದಾಗುತ್ತದೆ, ತಿರುಗಿಸಿದರೆ ಫೋಕಸ್. ಆದರೆ ಎಳೆದಾಗಲೆಲ್ಲ ಫೋಕಸ್ ತಪ್ಪುತ್ತಿತ್ತು, ತಿರುಗುವುದೂ ನಮ್ಮ ಲೆನ್ಸಿಗೆ ಉಲ್ಟಾ. ಇನ್ನೊಂದು ಭಾರ, ಮೂತಿ ಕೆಳಕ್ಕೆ ಜಗ್ಗುತ್ತಿತ್ತು. ಆದರೆ ಅದರಲ್ಲಿ ಎರಡು ಬಳೆಗಳು ಬೇರೆ ಬೇರೆ, ಫೋಕಸ್ ನಮ್ಮದರಂತೆಯೇ ಎಡಕ್ಕೆ. ಅಂಗೈಯನ್ನು ಅಡಿಗೆ ಕೊಟ್ಟರೆ ಭಾರ ನಿಲ್ಲುತ್ತಿತ್ತು. ನಾನು ಅದನ್ನೇ ಕೇಳಿದೆ.

ಮುಖ್ಯಸ್ಥರು ಹಗುರದ್ದನ್ನು ಹಾಕಿ ಕಿಟಕಿಯಿಂದ ಎದುರು ಕಟ್ಟಡದ ಗಡಿಯಾರವನ್ನು ನೋಡಿದರು.

"ಮುಳ್ಳು ಸಹ ಕಾಣ್ತದೆ. ಎಂತ ತೊಂದರೆ ಉಂಟು ಇದಕ್ಕೆ?"

"ಗಡಿಯಾರ ಅಲ್ಲೇ ಇರ್ತದೆ ಸರ್. ಹಕ್ಕಿ ನಮ್ಮ ಕಡೆಗೇ ಬರ್ತದೆ. ಇದರಲ್ಲಿ ಕೈ ಉಲ್ಟಾ ಹೋಗ್ತದೆ."

ಲೆಕ್ಚರರು ನಕ್ಕರು. "ಹಕ್ಕಿಗೆ ಹೇಳಿ ಮೇಡಂ, ಹಿಂದೆ ಹಿಂದೆ ನಡಿ ಅಂತ. ಆಗ ಸಮ ಆಗ್ತದೆ."

"ನೀನು ಸುಮ್ಮನಿರು ಮಾರಾಯ," ಎಂದ ಮುಖ್ಯಸ್ಥರೂ ನಗುತ್ತಿದ್ದರು. "ನೋಡಿಯಮ್ಮ, ಸೀರೆ ಉಟ್ಟು ಕೆಸರಲ್ಲಿ ನಿಲ್ಲುವವರು ನೀವು. ಆ ಒನಕೆ ಹಿಡ್ಕೊಂಡು ಎಲ್ಲಿಗೆ ಹೋಗ್ತೀರಿ? ನಿಮ್ಮ ಒಳ್ಳೆಯದಕ್ಕೇ ಹೇಳುವುದು."

ಹಗುರದ್ದು ಉಳಿಯಿತು, ಭಾರದ್ದು ಅಂಗಡಿಗೆ ಮರಳಿತು. ಮಣ್ಣಗುಡ್ಡದ ನಮ್ಮ ಅಂಗಳದಲ್ಲಿ ಕೋಳಿಗಳನ್ನು ಹಿಂಬಾಲಿಸಿ ಬೆರಳುಗಳಿಗೆ ಹೊಸ ದಿಕ್ಕನ್ನು ಕಲಿಸಿದೆ. ಯೋಚಿಸಿದಾಗ ಸರಿಯಾಗುತ್ತಿತ್ತು. ಅವಸರವಾದರೆ ಬೆರಳು ಹಳೆಯದಕ್ಕೇ ಹೋಗುತ್ತಿತ್ತು.

ವಾಮಂಜೂರಿನ ಗದ್ದೆಯಲ್ಲಿ ಮಳೆ ಬಿಟ್ಟ ಒಂದು ಬೆಳಿಗ್ಗೆ ಬೆಳ್ಳಕ್ಕಿಯೊಂದು ಉಳುವ ಸಾಲಿನಲ್ಲಿ ನೇರ ನನ್ನತ್ತ ನಡೆದು ಬಂದು ಕುತ್ತಿಗೆ ಚಾಚಿ ಕುಕ್ಕಿತು. ನಾನು ಬಳೆಯನ್ನು ಎಡಕ್ಕೆ ತಿರುಗಿಸಿ ಗುಂಡಿ ಒತ್ತಿದೆ. ಹಕ್ಕಿ ಬಿಳಿಯ ಮಬ್ಬಾಯಿತು. ಸರಿಪಡಿಸುವಷ್ಟರಲ್ಲಿ ಅದು ನುಂಗಿಯಾಗಿತ್ತು. ಉಳುಮೆ ಮುಗಿಯುವವರೆಗೂ ಹೀಗೆಯೇ. ಫಿಲ್ಮ್ ತೊಳೆದಾಗ ನಿಂತ ಹಕ್ಕಿಗಳೆಲ್ಲ ಚೆನ್ನಾಗಿದ್ದವು. ಕೊಕ್ಕಿನಲ್ಲಿದ್ದುದು ಏನೆಂದು ಒಂದರಲ್ಲೂ ತಿಳಿಯಲಿಲ್ಲ.

"ಕೈ ನಡುಗಿದೆ," ಎಂದರು ಮುಖ್ಯಸ್ಥರು. "ಹೆಂಗಸರಿಗೆ ಅದು ಸಹಜ."

ಕೈ ನಡುಗಿದ್ದರೆ ಹಕ್ಕಿಯ ಹಿಂದಿದ್ದ ಹುಣಿ, ಗದ್ದೆಯ ಆ ಬದುವೂ, ಅಳಿಸಿದಂತೆ ಬರಬೇಕಿತ್ತು, ಅದು ಗೆರೆ ಎಳೆದ ಹಾಗೆ ಸ್ಪಷ್ಟವಾಗಿದೆ, ತಪ್ಪಿದ್ದು ಫೋಕಸ್ ಎಂದು ತೋರಿಸಿದೆ. "ಅದೆಲ್ಲ ಇರಲಿ," ಎಂದು ಅವರು ಚಿತ್ರಗಳನ್ನು ನನ್ನ ಕಡೆಗೆ ಸರಿಸಿದರು.

ವಿಷಯ ಲೆಕ್ಚರರಿಗೆ ಹೋಯಿತು. ಮರುವರ್ಷ ಅವರು ಒಂದೇ ದಿನ ಗದ್ದೆಗೆ ಹೋಗಿ ಬಂದು ಲೆನ್ಸನ್ನು ಮೇಜಿನ ಮೇಲಿಟ್ಟರು.

"ಇದರಲ್ಲಿ ಆಗುವುದಿಲ್ಲ ಸರ್. ಉಲ್ಟಾ ತಿರುಗ್ತದೆ."

"ಹೌದಾ? ಮೊದಲೇ ಹೇಳ್ಬಾರದಿತ್ತಾ ಮಾರಾಯ," ಎಂದ ಮುಖ್ಯಸ್ಥರು ಭಾರದ್ದನ್ನು ತರಿಸಲು ಅಂಗಡಿಗೆ ಹೇಳಿ ಕಳಿಸಿದರು. ನಾನು ಅದೇ ಕೋಣೆಯಲ್ಲಿ ಸ್ಲೈಡುಗಳನ್ನು ಒರೆಸುತ್ತಿದ್ದೆ. ಇಬ್ಬರೂ ನನ್ನ ಕಡೆ ನೋಡಲಿಲ್ಲ. ನೋಡದಿರಲು ಪ್ರಯತ್ನಿಸಿದಂತೆಯೂ ಕಾಣಲಿಲ್ಲ.

ಹಗುರದ್ದನ್ನು ಕಾಲೇಜು ದಿನಾಚರಣೆಯ ಫೋಟೋಗಳಿಗೆಂದು ನನಗೆ ಕೊಟ್ಟರು. ವೇದಿಕೆಯಲ್ಲಿ ಸಾಲಾಗಿ ನಿಂತವರನ್ನು ತೆಗೆದೆ. ಚೆನ್ನಾಗಿ ಬಂದಿವೆ ಎಂದು ಮುಖ್ಯಸ್ಥರು ಎಲ್ಲರೆದುರು ಹೊಗಳಿದರು. ಸಂಶೋಧನೆಗೆ ಬೇರೆ ವಿಷಯ ಕೊಡಿ ಎಂದು ನಾನು ಅವರನ್ನು ಮತ್ತೆ ಕೇಳಲಿಲ್ಲ. ಏಕೆ ಕೇಳಲಿಲ್ಲ ಎಂದು ಅವರೂ ವಿಚಾರಿಸಲಿಲ್ಲ.