ನಮ್ಮ ಮನೆಯಲ್ಲಿ ತೀರ್ಮಾನವಾದದ್ದು

ನೆನೆಸಿದ ಅವರೆಕಾಳು ಹಿತುಕುತ್ತಾ ಕುಳಿತಿದ್ದಾಗ ಚಿತ್ರದುರ್ಗದಿಂದ ಮಗಳ ಫೋನು ಬಂತು. ಕೈ ಅಂಟಂಟಾಗಿತ್ತು, ಸ್ಪೀಕರಿಗೆ ಹಾಕಿ ಬುಟ್ಟಿಯ ಪಕ್ಕ ಇಟ್ಟೆ. ಅವಳು ಅಲ್ಲಿನ ಕಾಲೇಜೊಂದರಲ್ಲಿ ತತ್ವಶಾಸ್ತ್ರ ಹೇಳಿಕೊಡುವ ಅತಿಥಿ ಉಪನ್ಯಾಸಕಿ.

"ಈ ವರ್ಷ ನಮ್ಮ ವಿಷಯಕ್ಕೆ ಯಾರೂ ಸೇರಿಲ್ಲವ್ವ. ಕ್ಲಾಸು ಮುಚ್ಚಿದ್ರು. ನನ್ನ ಕೆಲಸನೂ ಹೋತು."

ಇನ್ನೊಂದು ಕಾಳು ಹಿತುಕಿದೆ.

"ಅದಕ್ಕಿಂತ ಸ್ಟಾಫ್ ರೂಮಲ್ಲಿ ಒಬ್ಬರು ಅಂದಿದ್ದು ಚುಚ್ಚುತೈತೆ. ‘ಸಾವಿರಾರು ವರ್ಷದಿಂದ ಅದೇ ಪ್ರಶ್ನೆ ಕೇಳ್ತೀರಿ, ಒಂದನ್ನಾದ್ರೂ ತೀರಿಸಿದೀರಾ?’ ಅಂದ್ರು. ಬೇರೆ ಏನಾದ್ರೂ ಓದ್ಬೇಕಿತ್ತೇನೋ."

ನನಗೆ ಅವಳು ಹೈಸ್ಕೂಲಿನಲ್ಲಿದ್ದ ಕಾಲ ನೆನಪಾಯಿತು. ಮುಟ್ಟಾದರೆ ನಾನು ಪಡಸಾಲೆಯ ಮೂಲೆಯಲ್ಲಿ ಕೂರಬೇಕಿತ್ತು. ಲಿಂಗಪೂಜೆಯೂ ಇಲ್ಲ, ಒಲೆಯೂ ಇಲ್ಲ. ಒಂದು ದಿನ ಅವಳು ಅಜ್ಜಿಯನ್ನು, ಅಂದರೆ ನನ್ನ ಅತ್ತೆಯನ್ನು, ಕೇಳಿದಳು: "ಲಿಂಗ ಕಟ್ಟಿದ ನಮಗೆ ಮುಟ್ಟಿನ ಸೂತಕ ಇಲ್ಲ ಅಂತ ಮಠದಲ್ಲಿ ಹೇಳ್ತಾರಲ್ಲಜ್ಜಿ. ಹಂಗಾರೆ ಅವ್ವ ಯಾರ ಧರ್ಮಕ್ಕೆ ಹೊರಗೆ ಕುಂತಾಳೆ?" ಅತ್ತೆ ಅವತ್ತು ಊಟ ಬಿಟ್ಟರು. ಮುಂದಿನ ತಿಂಗಳು ನಾನು ಮೂಲೆಗೆ ಹೊರಟಾಗ, "ಎಲ್ಲಿಗೆ? ರೊಟ್ಟಿ ಯಾರು ತಟ್ತಾರೆ?" ಎಂದರು. ಪೂಜೆ ದಕ್ಕಿತು, ಶಿವನ ದಯೆ. ಸಿಗುತ್ತಿದ್ದ ಅಷ್ಟು ವಿಶ್ರಾಂತಿ ಹೋಯಿತು; ಸುಳ್ಳೇಕೆ, ಅದಕ್ಕೂ ಒಮ್ಮೊಮ್ಮೆ ಮರುಗಿದ್ದೇನೆ.

ಇದನ್ನೇ ಮಗಳಿಗೆ ಹೇಳೋಣವೆಂದು ಬಾಯಿ ತೆರೆದೆ. ಆದರೆ ಅದೇ ಮೂಲೆಯಲ್ಲಿ ಈಗ ನನ್ನ ಸೊಸೆ ಕುಳಿತಿದ್ದಳು. ಮದುವೆಯಾಗಿ ಹೊಸದು, ತಾಳ್ಯದ ಕಡೆಯವಳು. ಯಾರೂ ಹೇಳದಿದ್ದರೂ ತಾನೇ ಹೋಗಿ ಕುಳಿತಿದ್ದಳು. ಬೆಳಗಿನಿಂದ ನೋಡುತ್ತಲೇ ಇದ್ದೆ. ಅವಳಿಗೆ ಎಲ್ಲವನ್ನೂ ಮತ್ತೆ ಮೊದಲಿನಿಂದ ಹೇಳುವಷ್ಟು ತ್ರಾಣ ನನಗಿರಲಿಲ್ಲ.

"ಒಳಗೆ ಬಾರಮ್ಮ, ಒಂದಷ್ಟು ಕಾಳು ಹಿತುಕು," ಎಂದೆ.

"ಬ್ಯಾಡ್ರಿ ಅತ್ತೆ. ನಮ್ಮ ಕಡೆ ಏನೂ ಮುಟ್ಟಲ್ಲ."

ಮಂಚದ ಮೇಲೆ ಮಲಗಿದ್ದ ನನ್ನ ಅತ್ತೆ ಕಣ್ಣು ತೆರೆಯದೆಯೇ ಅಂದರು: "ಏಳೇ. ಈ ಮನೇಲಿ ಅದು ಯಾವತ್ತೋ ತೀರ್ಮಾನ ಆಗೈತೆ. ನಿನ್ನ ನಾದಿನಿ ನನ್ನ ಬಾಯೇ ಮುಚ್ಚಿಸಿದ್ಲು. ಕೈ ತೊಳ್ಕಂಡು ಕುಂತ್ಕ."

ಸೊಸೆ ಅಳುಕುತ್ತಲೇ ಬಂದು ಬುಟ್ಟಿಯ ಹತ್ತಿರ ಕುಳಿತಳು. ತವರಿಗೆ ಹೋದಾಗ ಮತ್ತೆ ಮೂಲೆಗೇ ಹೋಗುತ್ತಾಳೇನೋ.

"ಕೇಳಿಸ್ತೇನೇ?" ಎಂದೆ ಫೋನಿಗೆ.

"ಕೇಳಿಸ್ತವ್ವ. ಆದ್ರೂ ಕೆಲಸ ವಾಪಸ್ ಬರಲ್ಲವಲ್ಲ," ಎಂದಳು.

"ಬರಲ್ಲ. ಸಂಜೆ ಹೊಸದುರ್ಗದ ಬಸ್ಸಿಗೆ ಬಾ. ಹಿತುಕಿದ ಬೇಳೆ ಸಾರು ಮಾಡ್ತೀನಿ."

ಉಳಿದ ಕಾಳನ್ನು ಸೊಸೆಗೆ ಬಿಟ್ಟು, ನಾನು ಸಾರಿಗೆ ಕಾಯಿ ತುರಿಯಲು ಎದ್ದೆ.